ಒಂದು ಪೂರ್ಣ ಮಳೆ

ಮನುಷ್ಯನಿಗೆ ಅನ್ನ, ಅರಿವೆ, ಸೂರು ಈ ಮೂರು ಇದ್ದರೆ ಬಾಳು ಸಾಗುತ್ತದೆ ಎಂದು ತಿಳಿದವರು ಹೇಳುತ್ತ ಬಂದಿದ್ದಾರೆ. ಹೀಗೆ ಹೇಳಿದವರಲ್ಲಿ ಒಬ್ಬರೂ ಜುಲೈ ತಿಂಗಳಲ್ಲಿ ಖಾನಾಪುರದ ಹೊಸ ಮನೆಯೊಂದರಲ್ಲಿ ಮಲಗಿದವರಲ್ಲ. ಸೂರು, ಸೋರು ಎಂಬ ಎರಡು ಮಾತುಗಳ ನಡುವೆ ಇರುವುದು ಒಂದೇ ಸ್ವರದ ಅಂತರ. ಆ ಒಂದು ಸ್ವರವನ್ನು ಕಾಯಲಿಕ್ಕೆ ನನ್ನನ್ನು ನೇಮಿಸಿದ್ದರು. ಎಷ್ಟು ಕಾದೆ ಎಂಬುದನ್ನು ಮುಂದೆ ಓದುವವರು ತೀರ್ಮಾನಿಸಬೇಕು.

ಬೆಳಗಾವಿಯ ಒಂದು ಗೃಹನಿರ್ಮಾಣ ಸಹಕಾರಿ ಸಂಘದಲ್ಲಿ ನಾನು ಓವರ್ಸಿಯರ್ ಆಗಿದ್ದೆ. ಎಪ್ಪತ್ತರ ದಶಕದ ಆರಂಭದಲ್ಲಿ ಸೇರಿದೆ. ಬಡ್ತಿಗಳ ವಿಷಯ ಬಿಡೋಣ. ಅವು ಬಂದಾಗ ನನಗೇ ಗೊತ್ತಾಗಲಿಲ್ಲ. ಕೆಲಸ ಮಾತ್ರ ಸರಳ. ಸಂಘ ಮನೆ ಕಟ್ಟಿಸುತ್ತಿತ್ತು, ಗುತ್ತಿಗೆದಾರ ಕಟ್ಟುತ್ತಿದ್ದ, ಸದಸ್ಯ ತೆಂಗಿನಕಾಯಿ ಒಡೆದು ಒಳಗೆ ಹೋಗುತ್ತಿದ್ದ. ಕೀಲಿ ಕೊಟ್ಟ ದಿನದಿಂದ ಇಂತಿಷ್ಟು ಕಾಲ ಗೋಡೆ ಬಿರಿದರೆ, ಛತ್ತು ಸೋರಿದರೆ, ಬಾಗಿಲು ಉಬ್ಬಿದರೆ ಗುತ್ತಿಗೆದಾರನೇ ಬಂದು ಸರಿಮಾಡಿಕೊಡಬೇಕು. ಇದಕ್ಕೆ ಹೊಣೆಗಾರಿಕೆಯ ಅವಧಿ ಎಂದು ಹೆಸರು. ಅವಧಿ ತೀರುವ ಮೊದಲು ನಾನು ಹೋಗಿ ಕೆಟ್ಟದ್ದನ್ನೆಲ್ಲ ಪಟ್ಟಿ ಮಾಡಬೇಕು, ಅದಕ್ಕೆ ನಮ್ಮ ಇಂಜಿನಿಯರ್ ಸಾಹೇಬರು ಸ್ಥಳದಲ್ಲೇ ನೋಡಿ ಸಹಿ ಹಾಕಬೇಕು. ಸಹಿ ಬಿದ್ದರೆ ರಿಪೇರಿ. ಅವಧಿ ತೀರಿದ ಮರುದಿನ ಛತ್ತು ಊಟದ ತಟ್ಟೆಯಲ್ಲಿ ಬಿದ್ದರೂ ಅದು ದೈವೇಚ್ಛೆ.

ಈಗ ಈ ಉದ್ಯೋಗಕ್ಕೆ ಬರುವ ತರುಣರು ಯಂತ್ರ ಹಚ್ಚಿ ಗೋಡೆಯ ತೇವ ಅಳೆಯುತ್ತಾರಂತೆ. ಒಳ್ಳೆಯದು. ನಮಗೆ ಇದ್ದದ್ದು ಅಂಗೈ ಮತ್ತು ಚಾವಿಯ ಗೊಂಚಲು. ನನಗೆ ಕೆಲಸ ಕಲಿಸಿದ ಹಿರಿಯರು ಗೊಂಚಲಿನಿಂದ ಗೋಡೆಯ ಮೇಲಿನ ಗಿಲಾವನ್ನು ತಟ್ಟಿ ತೋರಿಸಿದರು. "ಠಣ್ ಅಂದ್ರ ಗಟ್ಟಿ. ಡಬ್ ಅಂದ್ರ ಒಳಗ ಪೊಳ್ಳು. ಏನೂ ಅನಲಿಲ್ಲ ಅಂದ್ರ ನೀ ಕಿವುಡ." ಪಾಠ ಅಷ್ಟಕ್ಕೆ ಮುಗಿಯಿತು.

ಕೆಟ್ಟ ಕಟ್ಟಡಕ್ಕಿಂತ ಒಳ್ಳೆಯ ಮಾಲೀಕರೇ ನನ್ನನ್ನು ಹೆಚ್ಚು ಕಾಡಿದರು. ಪೀರನವಾಡಿಯಲ್ಲಿ ಒಬ್ಬ ಶಾಲಾ ಮಾಸ್ತರರ ಮನೆಗೆ ತಪಾಸಣೆಗೆ ಹೋದೆ. ಅವಧಿ ತೀರಲು ನಾಲ್ಕು ದಿನ ಉಳಿದಿತ್ತು.

"ಏನರ ತಕರಾರು ಐತ್ರಿ ಮಾಸ್ತರ?"

"ಏನೂ ಇಲ್ರಿ. ಮನಿ ಅಂದ್ರ ಬಂಗಾರ ಐತಿ. ಕುಂದರ್ರಿ, ಚಹಾ ತೊಗೋರಿ."

ಪಡಸಾಲೆಯ ಗೋಡೆಯಲ್ಲಿ ಸಾಲಾಗಿ ಏಳು ಕ್ಯಾಲೆಂಡರ್‌ಗಳು. ಎರಡು ಹಿಂದಿನ ವರ್ಷದವು. ಒಂದನ್ನು ಸರಿಸಿ ನೋಡಲು ನಾನು ಕೈ ಚಾಚಿದ ಕೂಡಲೇ ಮಾಸ್ತರರ ಹೆಂಡತಿ ಚಹಾದ ಕಪ್ಪು ಹಿಡಿದು ಅಡ್ಡ ಬಂದರು.

"ಅದನ್ನ ಎತ್ತಬ್ಯಾಡ್ರಿ ಅಣ್ಣಾರ. ಹೊಸಾ ಮನ್ಯಾಗ ಬಿರುಕು ಐತಿ ಅಂತ ಬಾಯಿಲೆ ಆಡಬಾರದು. ವರ್ಷ ತುಂಬೂತನಕ ಆಡಬಾರದು."

"ಯಕ್ಕಾರ, ವರ್ಷ ತುಂಬಿದ ಮ್ಯಾಲ ಆಡಿದ್ರ ಯಾರೂ ಕೇಳೂದಿಲ್ಲ."

"ಅಪಶಕುನ ನುಡೀಬ್ಯಾಡ್ರಿ. ಚಹಾ ಆರತೈತಿ."

ಪಟ್ಟಿಯಲ್ಲಿ "ದೋಷವಿಲ್ಲ" ಎಂದು ಬರೆದು ಬಂದೆ. ವರ್ಷ ತುಂಬಿದ ಮರುದಿನ ಮಾಸ್ತರರು ಆಫೀಸು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಹದಿನಾಲ್ಕು ಬಿರುಕುಗಳ ಪಟ್ಟಿ. ದುಂಡಗಿನ ಅಕ್ಷರ, ಕೆಂಪು ಶಾಯಿಯ ಗೆರೆ. ಅಪಶಕುನದ ಅವಧಿ ಮತ್ತು ಹೊಣೆಗಾರಿಕೆಯ ಅವಧಿ ಎರಡೂ ಒಂದೇ ದಿನ ಮುಗಿಯುವಂತೆ ಏರ್ಪಡಿಸಿದವರು ಯಾರೋ, ಅವರನ್ನು ನಾನು ಇವತ್ತಿನವರೆಗೆ ಹುಡುಕುತ್ತಿದ್ದೇನೆ.

ತಪ್ಪು ಬರೇ ಮಾಲೀಕರದು ಎಂದರೆ ಅನ್ಯಾಯ. ಛತ್ತಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ, ನಾಲ್ಕು ಬೆರಳು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗೆ ಬಂದು ನೋಡುವ ಪದ್ಧತಿ ಆಗ ನಮ್ಮಲ್ಲಿ ಹೊಸದಾಗಿ ಬಂತು. ಮೊದಲು ಹೆಂಚಿನ ಮನೆಗಳೇ ಹೆಚ್ಚು. ಹೆಂಚು ಒಡೆದರೆ ಬೇರೆ ಹೆಂಚು, ಅಲ್ಲಿಗೆ ಶಾಸ್ತ್ರ ಮುಗಿಯಿತು. ಸಿಮೆಂಟಿನ ಛತ್ತು ಬಂದ ಮೇಲೆ ಶಾಸ್ತ್ರ ಬೆಳೆಯಿತು. ಖಾಸಬಾಗದ ಒಬ್ಬ ನೇಕಾರರ ಮನೆಯಲ್ಲಿ ಉತ್ಸಾಹದಿಂದ ನೀರು ನಿಲ್ಲಿಸಿದೆ. ಒಳಗಿದ್ದವರಿಗೆ ಹೇಳುವುದನ್ನು ಮರೆತೆ. ಮರುದಿನ ಹೋದಾಗ ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆಯಲ್ಲಿ ಅಂಚಿನ ಕೆಂಪು ಒಡಲಿಗೆಲ್ಲ ಹರಡಿತ್ತು. ನೇಕಾರರು ಶಾಂತವಾಗಿ ಕೇಳಿದರು:

"ಪರೀಕ್ಷಾ ಏನಾತ್ರಿ ಸಾಹೇಬ್ರ?"

"ಛತ್ತು ಫೇಲ್ ಆತ್ರಿ."

"ಛತ್ತಿಂದಲ್ರಿ, ನಿಮ್ಮದು ಕೇಳಾಕತ್ತೀನಿ."

ಆ ಸೀರೆಯನ್ನು ನಾನೇ ಕೊಂಡೆ. ನನ್ನ ಹೆಂಡತಿ ಅದನ್ನು ಒಮ್ಮೆಯೂ ಉಡಲಿಲ್ಲ, ಒಮ್ಮೆಯೂ ಮರೆಯಲಿಲ್ಲ.

ನಮ್ಮ ಇಂಜಿನಿಯರ್ ನಾಡಗೌಡ ಸಾಹೇಬರು ಸಜ್ಜನರು. ಅವರಿಗೆ ಎರಡು ತೊಂದರೆಗಳಿದ್ದವು. ಒಂದು, ಕುತ್ತಿಗೆ ನೋವು. ತಲೆ ಮೇಲೆತ್ತಲು ಬರುತ್ತಿರಲಿಲ್ಲ. ಛತ್ತುಗಳ ಉಸ್ತುವಾರಿಗೆ ನೇಮಕವಾದ ಅಧಿಕಾರಿಗೆ ಇದು ಸಣ್ಣ ಕೊರತೆಯಲ್ಲ. ಅದಕ್ಕಾಗಿ ಅವರು ಜೇಬಿನಲ್ಲಿ ಗಡ್ಡ ಹೆರೆಯುವ ಕನ್ನಡಿ ಇಟ್ಟುಕೊಂಡು, ಅದನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ಛತ್ತನ್ನು ನೋಡುತ್ತಿದ್ದರು. ಕನ್ನಡಿಯಲ್ಲಿ ಎಡ ಬಲವಾಗುತ್ತದೆ. ಹೀಗಾಗಿ ಈಶಾನ್ಯದ ಬಿರುಕು ಅವರ ಟಿಪ್ಪಣಿಯಲ್ಲಿ ವಾಯವ್ಯಕ್ಕೆ ಹೋಗುತ್ತಿತ್ತು; ನಾನು ಹಿಂದಿನಿಂದ ಅದನ್ನು ಮರಳಿ ತರುತ್ತಿದ್ದೆ. ಎರಡನೆಯ ತೊಂದರೆ, ಯಾವ ಕಾಗದ ಬಂದರೂ ಓದುವ ಮೊದಲೇ ಮೂಲೆಯಲ್ಲಿ "ನೋಡಿದೆ" ಎಂದು ಬರೆದು ಸಹಿ ಹಾಕಿಬಿಡುವ ಅಭ್ಯಾಸ.

ಎಂಬತ್ತರ ದಶಕ ಹೊಕ್ಕ ಹೊಸತರಲ್ಲಿ, ಇನ್ನು ಮುಂದೆ ಕರಾರುಪತ್ರಗಳೆಲ್ಲ ಕನ್ನಡದಲ್ಲಿ ಇರತಕ್ಕದ್ದು ಎಂದು ಮೇಲಿನಿಂದ ಆದೇಶ ಬಂತು. ಸಾಹೇಬರು ನನ್ನನ್ನು ಕರೆದರು.

"ಓವರ್ಸಿಯರ್, ನಿಮ್ಮ ಕನ್ನಡ ಛಲೋ ಅದ ಅಂತಾರ. ಈ ನಮೂನಿ ಕನ್ನಡಕ್ಕ ಇಳಸ್ರಿ."

ಇಳಿಸಿದೆ. ಇಂಗ್ಲಿಷ್ ನಮೂನೆಯಲ್ಲಿ, ಗೋಡೆ ಬಾಗಿಲುಗಳಿಗೆ ಒಂದು ವರ್ಷ, ಛತ್ತಿಗೆ ಮಾತ್ರ ಕೀಲಿ ಕೊಟ್ಟ ಮೇಲೆ ಒಂದು ಇಡೀ ಮಾನ್ಸೂನ್ ಕಳೆಯುವತನಕ ಗುತ್ತಿಗೆದಾರ ಹೊಣೆ ಎಂದಿತ್ತು. ಅದಕ್ಕೆ "ಒಂದು ಪೂರ್ಣ ಮಳೆಗಾಲ" ಎಂದೇ ಬರೆದಿದ್ದೆ. ಗಟ್ಟಿಯಾಗಿ ಓದಿ ನೋಡಿದಾಗ ಆ ಒಂದೇ ವಾಕ್ಯದಲ್ಲಿ "ಕಾಲಾವಧಿ", "ಕಾಲಕಾಲಕ್ಕೆ", "ಮಳೆಗಾಲ" ಎಂದು ಕಾಲ ಒತ್ತೊತ್ತಾಗಿ ಬಂದಿತ್ತು. ಕಿವಿಗೆ ಹಿತವಾಗಲಿಲ್ಲ. ಶೈಲಿಯ ಹಿತದೃಷ್ಟಿಯಿಂದ ಕೊನೆಯದನ್ನು ಕತ್ತರಿಸಿದೆ. ಕಡೆಗೆ ನಿಂತ ಪಾಠ ಇದು: "ಒಂದು ಪೂರ್ಣ ಮಳೆಯು ಗತಿಸುವವರೆಗೆ." ಸಾಹೇಬರು "ನೋಡಿದೆ" ಎಂದು ಬರೆದರು. ನಮೂನೆ ಅಚ್ಚಾಯಿತು. ಅಚ್ಚಿನಲ್ಲಿ ನನ್ನ ಕನ್ನಡ ಕಂಡು ನಾನು ಒಂದು ವಾರ ಸ್ವಲ್ಪ ಎದೆ ಉಬ್ಬಿಸಿಕೊಂಡು ಅಡ್ಡಾಡಿದ್ದೂ ನಿಜ.

ಆ ನಮೂನೆಯ ಮೇಲೆ ಮೊದಲು ಸಹಿ ಮಾಡಿದವನು ಗುರುಪಾದಪ್ಪ. ಕಾಕತಿ ಕಡೆಯವನು, ಗೌಂಡಿಯಾಗಿದ್ದು ಗುತ್ತಿಗೆದಾರನಾದವನು. ಊರಲ್ಲಿ ಸ್ವಂತ ಹೊಲವೂ ಇತ್ತು. ಖಾನಾಪುರದಲ್ಲಿ ಸಂಘದ ಆರು ಮನೆಗಳನ್ನು ಅವನು ಕಟ್ಟಿದ. ದಸರೆಗೆ ಕೀಲಿ ಕೊಟ್ಟೆವು. ಮುಂದಿನ ಮಳೆಗಾಲದಲ್ಲಿ ಹೋಗಿ ನೋಡಿದರಾಯಿತು ಎಂದು ನಾನು ನಿಶ್ಚಿಂತನಾಗಿದ್ದೆ.

ಜೂನ್ ಕೊನೆಯ ವಾರ ಖಾನಾಪುರಕ್ಕೆ ಬಸ್ಸಿನಲ್ಲಿ ಹೋದೆ. ಹೊರಗೆ ಆರಿದ್ರೆ ಮಳೆ ಕೊಡದಲ್ಲಿ ಸುರಿದಂತೆ ಹೊಯ್ಯುತ್ತಿತ್ತು. ನಾಲ್ಕನೆಯ ನಂಬರಿನ ಮನೆ ಲಗಮವ್ವನದು. ಅವಳು ಅಲ್ಲಿಯ ಸರಕಾರಿ ದವಾಖಾನೆಯಲ್ಲಿ ಆಯಾ. ಗಂಡ ಅರಣ್ಯ ಇಲಾಖೆಯ ಗಾರ್ಡು, ತಿಂಗಳಲ್ಲಿ ಇಪ್ಪತ್ತು ದಿನ ಕಾಡಿನ ಚೌಕಿಯಲ್ಲೇ ಇರುವವನು. ಇಬ್ಬರೂ ಕುರಿ ಕಾಯುವ ಮನೆತನದವರು.

"ಬರ್ರಿ ಸಾಹೇಬ್ರ, ಕುಂದರ್ರಿ. ಅಲ್ಲಿ ಬ್ಯಾಡ, ಅಲ್ಲಿ ಮಳಿ ಕುಂತೈತಿ. ಇತ್ತಾಗ ಬರ್ರಿ."

"ಎಲ್ಲೆಲ್ಲಿ ಸೋರತೈತಿ ಲಗಮವ್ವ?"

"ಎಲ್ಲಿ ಸೋರೂದಿಲ್ಲ ಅಂತ ಕೇಳ್ರಿ, ಲಗೂ ಮುಗೀತೈತಿ. ಕಂಬಳಿ ಹಾಸೇನಲ್ಲ, ಅದೊಂದ ಜಾಗಾ." ಅವಳು ಛತ್ತಿನ ಕಡೆ ನೋಡಿದಳು. "ನಮ್ಮಪ್ಪ ಕುರಿ ಹಿಂದ ಅಡವ್ಯಾಗ ಮಲಗಿದಾಂವ. ಕಂಬಳಿ ಕೊಪ್ಪಿ ತಲಿ ಮ್ಯಾಲ ಹಾಕ್ಕೊಂಡ್ರ ಒಂದು ಹನಿ ಒಳಗ ಬರತಿದ್ದಿಲ್ಲ. ನಾ ಸಿಮೆಂಟಿನ ಕೊಪ್ಪಿ ಹಾಕ್ಕೊಂಡ ಕುಂತೀನಿ, ನೋಡ್ರಿ ನನ್ನ ದೈವ."

ಚಾವಿ ಗೊಂಚಲಿನಿಂದ ತಟ್ಟುವ ಅಗತ್ಯವೇ ಬೀಳಲಿಲ್ಲ. ಛತ್ತಿನ ಕಾಂಕ್ರೀಟು ಜರಡಿಯಾಗಿತ್ತು. ಮೂಲೆಯಲ್ಲಿ ಕಬ್ಬಿಣದ ಸರಳಿನ ತುಕ್ಕು ಆಗಲೇ ಕೆಂಪಗೆ ಇಳಿದಿತ್ತು. ಒಡೆದು ಮತ್ತೆ ಹಾಕದೆ ಬೇರೆ ದಾರಿ ಇರಲಿಲ್ಲ. ಗುರುಪಾದಪ್ಪ ಮಾಡಿಕೊಡದಿದ್ದರೆ ಲಗಮವ್ವನಿಗೆ ಅದು ಆಗುವ ಕೆಲಸವೂ ಅಲ್ಲ; ಹಿಂದೆ ಇದ್ದ ಬಾಡಿಗೆ ಖೋಲಿ ಇನ್ನೂ ಖಾಲಿ ಇದೆಯೇ ಎಂದು ಆಗಲೇ ವಿಚಾರಿಸಿ ಬಂದಿದ್ದಳು.

"ಹೆದರಬ್ಯಾಡ. ಅವಧಿ ಇನ್ನೂ ಐತಿ. ಗುರುಪಾದಪ್ಪನ್ನ ಕರಸ್ತೀನಿ" ಎಂದೆ.

ಅವನು ಖಾನಾಪುರದಲ್ಲೇ ಇನ್ನೊಂದು ಕೆಲಸದ ಮೇಲಿದ್ದ. ಹೇಳಿ ಕಳಿಸಿದ ಅರ್ಧ ತಾಸಿಗೆ ಕೊಡೆ ಹಿಡಿದು ಬಂದ. ಛತ್ತು ನೋಡಿದ. ಬಹಳ ಮರ್ಯಾದೆಯಿಂದ ಕೈ ಮುಗಿದ.

"ಸೋರೂದು ಖರೇ ಐತ್ರಿ ಸಾಹೇಬ್ರ. ಸುಳ್ಳ ಯಾಕ ಹೇಳ್ಲಿ? ಆದ್ರ ನಂದು ಮಳಿ ಮುಗದೈತ್ರಿ."

"ಯಾವ ಮಳಿ?"

"ಸ್ವಾತಿ ಮಳಿ. ಕರಾರಿನ್ಯಾಗ ಒಂದು ಪೂರ್ಣ ಮಳಿ ಅಂತ ಐತಲ್ರಿ. ಕೀಲಿ ಕೊಟ್ಟಾಗ ಚಿತ್ತಿ ಅರ್ಧಾ ಆಗಿತ್ತು, ಅದನ್ನ ಹಿಡಿಯಲಿಲ್ಲ ನಾ. ಮುಂದಿನ ಸ್ವಾತಿ ಪೂರಾ ಹಿಡದೇನಿ. ಮುಗದ ಕೂಡ್ಲೆ ಅರ್ಜಿ ಸುದ್ದಾ ಕೊಟ್ಟೇನ್ರಿ."

ಒಂದು ಕ್ಷಣ ನನಗೆ ಮಳೆಯ ಸದ್ದು ಕೇಳಿಸಲಿಲ್ಲ.

ನಮ್ಮ ರೈತರ ಲೆಕ್ಕದಲ್ಲಿ ಮಳೆ ಒಂದಲ್ಲ. ಮಿರಗ, ಅಂದರೆ ಮೃಗಶಿರ, ಒಂದು ಮಳೆ; ಆರಿದ್ರೆ, ಅಂದರೆ ಆಡುಮಾತಿನ ಅರದ್ರಿ, ಒಂದು ಮಳೆ; ಪುನರ್ವಸು ಇನ್ನೊಂದು. ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರ, ಒಂದೊಂದು ನಕ್ಷತ್ರಕ್ಕೆ ಒಂದು ಮಳೆ. ಪಂಚಾಂಗದಲ್ಲಿ ಪ್ರತಿ ಮಳೆಗೂ ಹುಟ್ಟುವ ಗಳಿಗೆ ಇದೆ, ಏರಿ ಬರುವ ವಾಹನ ಇದೆ. ಇದು ನನಗೆ ಗೊತ್ತಿರಲಿಲ್ಲವೇ? ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತಿತ್ತು. ನಮೂನೆ ಬರೆಯುವಾಗ ಮಾತ್ರ ನಾನು ಶೈಲಿಯ ಚಿಂತೆಯಲ್ಲಿದ್ದೆ.

ಆಫೀಸಿಗೆ ಬಂದು ಫೈಲು ಬಿಚ್ಚಿದೆ. ನವೆಂಬರಿನ ಅರ್ಜಿ ಇತ್ತು: "ಸ್ವಾತಿ ಮಳೆಯು ಪೂರ್ಣವಾಗಿ ಗತಿಸಿರುತ್ತದೆ. ಮನೆಗಳು ಸೋರಿರುವುದಿಲ್ಲ. ಕಾರಣ ನನ್ನ ಹೊಣೆಗಾರಿಕೆಯೂ ಗತಿಸಿರುತ್ತದೆಂದು ತಿಳಿಯಬೇಕಾಗಿ ವಿನಂತಿ." ಮೂಲೆಯಲ್ಲಿ ಸಾಹೇಬರ ಕೈ: "ನೋಡಿದೆ."

ಸಂಘದ ವಕೀಲರು ಕರಾರನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಇದನ್ನ ಬರದಾಂವ ಯಾರ್ರಿ?"

ನಾನು ಗೋಡೆಯ ಗಡಿಯಾರ ನೋಡಿದೆ.

"ಯಾರರ ಇರ್ಲಿ. ಕೋರ್ಟಿಗೆ ಹೋದ್ರ ಗೆಲ್ಲಬಹುದು. ಆದ್ರ ತೀರ್ಪು ಬರೂದ್ರಾಗ ಆ ಛತ್ತು ಇರೂದಿಲ್ಲ. ಅಂವನ ಕೂಡ ಮಾತಾಡಿ ಬಗಿಹರಿಸ್ಕೋರಿ."

ಬುಧವಾರ ಮತ್ತೆ ಖಾನಾಪುರಕ್ಕೆ ಹೋದೆ. ಗುರುಪಾದಪ್ಪನನ್ನು ಲಗಮವ್ವನ ಮನೆಗೇ ಕರೆಸಿದೆ. ಇದೇ ರೀತಿ ಸೋರುತ್ತಿದ್ದ ಉಳಿದ ಐದು ಮನೆಯವರೂ ಬಂದು ಪಡಸಾಲೆಯಲ್ಲಿ ಹನಿ ಬೀಳದ ಜಾಗ ಹುಡುಕಿ ನಿಂತರು. ಸತ್ಯ ಹೇಳದೆ ವಿಧಿಯಿರಲಿಲ್ಲ.

"ಲಗಮವ್ವ, ಕರಾರಿನ್ಯಾಗ ಮಳಿಗಾಲ ಅಂತ ಇರಬೇಕಾಗಿತ್ತು. ಮಳಿ ಅಂತ ಬಿದ್ದೈತಿ. ಬರದಾಂವ ನಾನ."

"ನೀವ?"

"ಹೌದು."

"ಸಾಲಿ ಎಷ್ಟ ಕಲ್ತೀರಿ?"

"ಡಿಪ್ಲೊಮಾ ಆಗೈತಿ."

"ಅದ ಹೆಚ್ಚಾಗೈತಿ." ಆಮೇಲೆ ಗುರುಪಾದಪ್ಪನ ಕಡೆ ತಿರುಗಿದಳು. "ಗುರುಪಾದಪ್ಪಣ್ಣ, ಅದರಾಗ ಏನಂತ ಐತಿ, ಓದು ನೋಡೂಣು."

ಅವನು ಪ್ಲಾಸ್ಟಿಕ್ ಚೀಲದಿಂದ ಕರಾರು ತೆಗೆದು ಬೆರಳಿಟ್ಟು ಓದಿದ. "ಒಂದು ಪೂರ್ಣ ಮಳೆಯು ಗತಿಸುವವರೆಗೆ."

"ಪೂರ್ಣ ಅಂದ್ರ?"

"ಪೂರ್ಣ ಅಂದ್ರ ಪೂರಾ, ಯಕ್ಕಾ."

"ಸ್ವಾತಿ ಪೂರಾ ಆತೇನು?"

"ಆತಲ್ಲ. ಹದಿಮೂರೂ ದಿನಾ ಆತು."

"ದಿನಾ ಯಾರ ಕೇಳಿದ್ರೋ ಯಪ್ಪಾ? ಮಳಿ ಕೇಳಾಕತ್ತೀನಿ. ದೀಪಾವಳಿ ಮುಂದ ಇದ ಕಟ್ಟಿ ಮ್ಯಾಲ ಕುಂತು ಏನಂದಿ? ಸ್ವಾತಿ ಹುಸಿ ಹೋತು, ನನ್ನ ಕಡ್ಲಿ ಮುಗೀತು ಅಂತ ತಲಿ ಮ್ಯಾಲ ಕೈ ಹೊತ್ತಿದ್ದಿಲ್ಲ? ನಾನ ನಿನಗ ಚಹಾ ಕೊಟ್ಟ ಸಮಾಧಾನ ಮಾಡಿದೆ."

"ಅದು ನನ್ನ ಹೊಲದ ಮಾತು. ಕಾಕತಿದು."

"ಇಲ್ಲಿ ಬಂದಿತ್ತೇನು? ಬಂದಿದ್ರ ಆವಾಗ ಸೋರತಿತ್ತು. ಆವಾಗ ನೀ ಕೈಯಾಗ ಸಿಗತಿದ್ದಿ. ಆಗಲಾರದ ಮಳಿ ಪೂರಾ ಹೆಂಗ ಆತು?"

ನಿಂತವರಲ್ಲಿ ಯಾರೋ ನಕ್ಕರು. ಗುರುಪಾದಪ್ಪ ನಗಲಿಲ್ಲ. ಕರಾರನ್ನು ಮತ್ತೊಮ್ಮೆ ಓದಿದ.

"ಹಂಗಾರ ಮಿರಗ ಹಿಡಿ. ಅದೂ ಮುಗದೈತಿ."

"ಮಿರಗ ಮೂರ ಹನಿ ಹಾಕಿ ಹೋತು. ಹಳ್ಳಕ್ಕ ನೀರ ಬಂತೇನು? ನೀ ಒಕ್ಕಲಗ್ಯಾ. ನಿನ್ನ ಬಾಯಿಲೆ ನೀನ ಹೇಳು, ಮಿರಗ ಪೂರಾ ಆತು ಅಂತ. ನಾ ಈಗ ಗಂಟ ಕಟಗೊಂಡು ಬಾಡಗಿ ಖೋಲಿಗೆ ಹೋಗತೀನಿ."

ಗುರುಪಾದಪ್ಪ ಕರಾರನ್ನು ಮಡಚಿ ಚೀಲದಲ್ಲಿ ಇಟ್ಟ. ಮಳೆಯ ವಿಷಯದಲ್ಲಿ ಸುಳ್ಳು ಹೇಳುವುದು ಅವನ ಕೈಲಾಗಲಿಲ್ಲ. ಸಿಮೆಂಟಿನ ವಿಷಯ ಬೇರೆ.

"ಆತು ಯಕ್ಕಾ. ಈಗಿನ ಅರದ್ರಿ ಪೂರಾ ಆಗೂತನಕ ಹೊಣಿ ನಂದು" ಎಂದ ಕಡೆಗೆ. "ಆದ್ರ ಒಂದ ಮಾತು ಸಾಹೇಬ್ರ. ಶನಿವಾರ ಸಂಜೀಕ ಐದು ಹತ್ತಕ್ಕ ಅರದ್ರಿ ಮುಗದು ಪುನರ್ವಸು ಹೊಗತೈತಿ, ಪಂಚಾಂಗದಾಗ ಐತಿ. ಅಷ್ಟರಾಗ ನಿಮ್ಮ ದೊಡ್ಡ ಸಾಹೇಬ್ರು ಬಂದು ಯಾವ ಮನಿ ನೋಡಿ ಸಹಿ ಮಾಡ್ತಾರ, ಆ ಮನಿ ಛತ್ತು ನಾ ಒಡದು ಹಾಕಿ ಕೊಡ್ತೀನಿ. ಆಮ್ಯಾಲ ನನ್ನ ಹೆಸರ ಎತ್ತಬಾರದು."

ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ನನಗೆ ಒಪ್ಪದಿರುವ ಅಧಿಕಾರ ಎಲ್ಲಿತ್ತು?

ಸಾಹೇಬರು ಒಪ್ಪಲಿಲ್ಲ.

"ಮಳ್ಯಾಗ ತಪಾಸಣಿ ಮಾಡಬಾರದು ಅಂತ ಕೈಪಿಡ್ಯಾಗ ಅದ ಓವರ್ಸಿಯರ್."

"ಸರ್, ಮಳಿ ಇಲ್ಲದಾಗ ಸೋರೂದು ಕಾಣೂದಿಲ್ರಿ."

"ಅದು ಕೈಪಿಡಿ ಬರದವರಿಗೆ ಕೇಳೋ ಪ್ರಶ್ನಿ. ಇಷ್ಟಕ್ಕೂ ಅರದ್ರಿ ಪರದ್ರಿ ಅಂತ ಆಫೀಸಿನ್ಯಾಗ ಎಲ್ಲಿ ಅದ? ನಾಳಿಗೆ ರಾಹುಕಾಲ ನೋಡಿ ಹಾಜರಿ ಹಾಕೂಣೇನು?"

ಗುರುವಾರ ಹೋಯಿತು. ಶುಕ್ರವಾರ ಮಧ್ಯಾಹ್ನ ನಾನು ನವೆಂಬರಿನ ಅರ್ಜಿಯನ್ನು ಅವರ ಮುಂದಿಟ್ಟು, ಮೂಲೆಯ ಮೇಲೆ ಮೆಲ್ಲಗೆ ಬೆರಳಿಟ್ಟೆ. "ಪ್ರಕರಣ ಮೇಲ ಹೋದ್ರ, ಏನು ನೋಡಿದ್ರಿ ಅಂತ ಕೇಳ್ತಾರ ಸರ್."

ಸಾಹೇಬರು ಆ ಕಾಗದವನ್ನು ಜೀವಮಾನದಲ್ಲಿ ಮೊದಲ ಸಲ ಓದಿದರು. "ನಾಳಿ ಮುಂಜಾನಿ ಒಂಬತ್ತಕ್ಕ ಜೀಪು ಹಚ್ಚಸ್ರಿ" ಎಂದರು.

ಶನಿವಾರ ಒಂಬತ್ತಕ್ಕೆ ಜೀಪು ಬಂತು. ಸಾಹೇಬರು ಹನ್ನೊಂದಕ್ಕೆ ಬಂದರು. ಟಪಾಲು ನೋಡಿ ಹೊರಡೋಣ ಎಂದರು. ಟಪಾಲು ಮುಗಿದಾಗ ಊಟದ ಹೊತ್ತು. ಮಳೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಪ್ರಯಾಣ ಮಾಡಿದರೆ ಅವರ ಕುತ್ತಿಗೆ ಹಿಡಿಯುತ್ತಿತ್ತು. ಆ ವರ್ಷ ಆರಿದ್ರೆಯ ವಾಹನ ಎಮ್ಮೆ ಎಂದು ಪಂಚಾಂಗ ಹೇಳಿತ್ತು. ನಮ್ಮ ವಾಹನ ಜೀಪು. ಎಮ್ಮೆ ಹೊತ್ತಿಗೆ ಸರಿಯಾಗಿ ಖಾನಾಪುರ ತಲುಪಿತ್ತು. ಜೀಪು ದಾರಿಯಲ್ಲಿ ಎರಡು ಸಲ ನಿಂತು, ಮೂರೂವರೆಗೆ ತಲುಪಿತು.

"ಸರ್, ನಾಲ್ಕನೇ ನಂಬರು ಭಾಳ ಕೆಟ್ಟೈತ್ರಿ. ಅಲ್ಲಿಂದ ಸುರು ಮಾಡೂಣು."

"ಒಂದರಿಂದ ಸುರು ಮಾಡಬೇಕು ಓವರ್ಸಿಯರ್. ಇಲ್ಲಂದ್ರ ನಂಬರ್ ಯಾಕ ಕೊಟ್ಟಾರ?"

ಒಂದನೆಯ ಮನೆಯಲ್ಲಿ ಕನ್ನಡಿ ಹೊರಬಂತು. ಸಾಹೇಬರು ಹೊಟ್ಟೆಯ ಮುಂದೆ ಅದನ್ನು ಹಿಡಿದ ಕೂಡಲೇ ಛತ್ತಿನಿಂದ ಒಂದು ಹನಿ ಸರಿಯಾಗಿ ಅದರ ಮೇಲೇ ಬಿತ್ತು. ಕರವಸ್ತ್ರ ತೆಗೆದು ಒರೆಸಿದರು. ಮತ್ತೆ ಹಿಡಿದರು. ಮತ್ತೆ ಬಿತ್ತು. ಸೋರುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು ಎಂದು ನನಗನಿಸಿತು. ಸಾಹೇಬರಿಗೆ ಸ್ಪಷ್ಟವಾದ ಪ್ರತಿಬಿಂಬ ಬೇಕಿತ್ತು. ಆ ಮನೆಯ ಸಹಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಎರಡನೆಯ ಮನೆಯಲ್ಲಿ ಅವಲಕ್ಕಿ ಕೊಟ್ಟರು. ಮನೆಯಾಕೆ ಮೊದಲು "ಏನೂ ಸೋರೂದಿಲ್ರಿ, ದೇವರ ದಯಾ ಐತಿ" ಎಂದು ಶುರುಮಾಡಿದರು. ಕಿಟಕಿಯ ಹೊರಗೆ ನಿಂತಿದ್ದ ಲಗಮವ್ವ ಗುಡುಗಿದಳು: "ಯವ್ವಾ, ಶಕುನಾ ನಾಳಿಗೆ ನೋಡೂಣು, ಇವತ್ತ ಖರೇ ಹೇಳ!" ಮೂರನೆಯ ಮನೆಯಲ್ಲಿ ಸಾಹೇಬರ ಪೆನ್ನಿನ ಶಾಯಿ ಒದ್ದೆ ಕಾಗದದ ಮೇಲೆ ಹರಡಿತು, ಪೆನ್ಸಿಲಿನ ಸಹಿ ಸಿಂಧುವೇ ಎಂಬ ಪ್ರಶ್ನೆಯನ್ನು ಅವರು ಎತ್ತಿ, ಚರ್ಚಿಸಿ, ಸಿಂಧುವೆಂದು ತಾವೇ ತೀರ್ಮಾನಿಸಿದರು.

ಗುರುಪಾದಪ್ಪ ಕೊಡೆಯ ಕೆಳಗೆ, ಕೈಗಡಿಯಾರ ನೋಡುತ್ತ, ಮನೆಯಿಂದ ಮನೆಗೆ ಹಿಂದೆ ಹಿಂದೆ ಬರುತ್ತಿದ್ದ.

ನಾಲ್ಕನೆಯ ಮನೆಯ ಹೊಸ್ತಿಲು ದಾಟಿದಾಗ ಐದಕ್ಕೆ ಏಳು ನಿಮಿಷ ಉಳಿದಿತ್ತು. ಸಾಹೇಬರು ಕನ್ನಡಿಗಾಗಿ ಜೇಬಿಗೆ ಕೈ ಹಾಕಿದರು.

"ಅದನ್ನ ಇಡ್ರಿ ಸಾಹೇಬ್ರ" ಎಂದಳು ಲಗಮವ್ವ. ನೆಲದ ಮೇಲೆ ಒಂದು ದೊಡ್ಡ ಹಿತ್ತಾಳೆಯ ಪರಾತ ಇಟ್ಟಿದ್ದಳು, ಅಂಚಿನತನಕ ನೀರು. "ತಲಿ ಬಗ್ಗಿಸಿ ಇದರಾಗ ನೋಡ್ರಿ. ನಿಮ್ಮ ಛತ್ತೂ ಕಾಣತೈತಿ, ಛತ್ತಿನ ನೀರೂ ಕಾಣತೈತಿ."

ಸಾಹೇಬರು ಪರಾತದಲ್ಲಿ ಬಗ್ಗಿ ನೋಡಿದರು. ಹನಿಗಳು ಬೀಳುತ್ತಿದ್ದವು, ಛತ್ತು ಅಲುಗಾಡುತ್ತಿತ್ತು. ಅವರು ಜೇಬಿನಿಂದ ಕನ್ನಡಿಯ ಬದಲು ಪೆನ್ಸಿಲು ತೆಗೆದರು. ಆಮೇಲೆ ಪಟ್ಟಿಯನ್ನು ಗೋಡೆಗೆ ಹಚ್ಚಿ, "ಪೂರ್ತಿ ಒಡೆದು ಮತ್ತೆ ಹಾಕತಕ್ಕದ್ದು" ಎಂದು ತಾವೇ ಬರೆದು ಸಹಿ ಮಾಡಿದರು. ಐದು ಗಂಟೆ ನಾಲ್ಕು ನಿಮಿಷ.

"ಐದನೇದಕ್ಕ ಹೋಗೂಣು ಸರ್, ಲಗೂ ಬರ್ರಿ."

ಸಾಹೇಬರು ಚಪ್ಪಲಿ ಹುಡುಕಿದರು. ಚಪ್ಪಲಿ ನೀರಿನಲ್ಲಿ ತೇಲಿ ಕಟ್ಟೆಯ ಕೆಳಗೆ ಹೋಗಿತ್ತು. ಅದು ಸಿಕ್ಕು, ಒಂದೊಂದೇ ಕಾಲು ಒರೆಸಿ, ಮೆಟ್ಟಿ, ಐದನೆಯ ಮನೆಯ ಬಾಗಿಲಿಗೆ ಬಂದೆವು. ಗುರುಪಾದಪ್ಪ ಕೊಡೆಯನ್ನು ನಮ್ಮ ಮುಂದೆ ಹಿಡಿದು ನಿಂತಿದ್ದ.

"ಅರದ್ರಿ ಮುಗೀತ್ರಿ ಸಾಹೇಬ್ರ."

"ಎರಡ ಮನಿ ಅದಾವೋ ಅಣ್ಣಾ" ಎಂದಳು ಲಗಮವ್ವ. "ಹತ್ತ ನಿಮಿಷದಾಗ ಆಗತೈತಿ. ಮಳಿ ನಿಂತಿಲ್ಲ, ನೋಡು."

"ಇದು ಬ್ಯಾರೆ ಮಳಿ, ಯಕ್ಕಾ. ಒಂದೊಂದ ಮಳಿ ಲೆಕ್ಕಾ ಹಿಡದು ಮಾತು ಆಡಿದ್ದು ನೀನ."

ಅವಳು ನನ್ನ ಕಡೆ ನೋಡಿದಳು. ನಾನು ಸಾಹೇಬರ ಕಡೆ ನೋಡಿದೆ. ಸಾಹೇಬರು ತಲೆ ಬಗ್ಗಿಸಿ ಗಡಿಯಾರ ನೋಡಿಕೊಂಡರು. "ಅವಧಿ ಮುಗದ ಮ್ಯಾಲ ಮಾಡಿದ ತಪಾಸಣಿ ಕಾಗದದ ಮ್ಯಾಲ ಬರೂದಿಲ್ಲ ಓವರ್ಸಿಯರ್." ಐದನೆಯ ಮನೆಯವರು ಬಾಗಿಲು ತೆರೆದು, ಸಾಮಾನು ಒಂದು ಬದಿಗೆ ಸರಿಸಿ, ನಾವು ಒಳಗೆ ಬರುವುದನ್ನು ಕಾಯುತ್ತಿದ್ದರು. ಅವರಿಗೆ ವಿಷಯ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಸೇವೆಯಲ್ಲಿ ನಾನು ಆಡಿದ ಮಾತುಗಳಲ್ಲಿ ಶೈಲಿ ಅತ್ಯಂತ ಕೆಟ್ಟದ್ದಾಗಿದ್ದು ಆಗ.

ಮಳೆಗಾಲ ಮುಗಿದ ಮೇಲೆ ಗುರುಪಾದಪ್ಪ ನಾಲ್ಕು ಮನೆಗಳ ಛತ್ತನ್ನು ಒಡೆದು ಮತ್ತೆ ಹಾಕಿಕೊಟ್ಟ. ಲಗಮವ್ವ ಬಾಡಿಗೆ ಖೋಲಿಗೆ ಹೋಗಲಿಲ್ಲ. ಐದು ಮತ್ತು ಆರನೆಯ ನಂಬರಿನವರು ತಮ್ಮ ಛತ್ತುಗಳ ಮೇಲೆ ಸ್ವಂತ ಖರ್ಚಿನಲ್ಲಿ ತಗಡು ಹೊದಿಸಿಕೊಂಡರು.